ಹೊಗೆ ಅಳೆಯಲೇ ಇಲ್ಲ, ಆದರೂ ಕಾರು ಫೇಲ್

ಎಳೆತ ಹೆಚ್ಚಲಿ ಅಂತ ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಟ್ಯೂನ್ ಮಾಡಿಸಿದ ಟರ್ಬೊ ಕಾರನ್ನು ಕ್ಯಾಲಿಫೋರ್ನಿಯಾದ ಸ್ಮಾಗ್ ಚೆಕ್‌ಗೆ, ಅಂದರೆ ಹೊಗೆ ತಪಾಸಣೆಗೆ, ಮೊದಲ ಸಲ ಒಯ್ದಾಗ, ಸೈಲೆನ್ಸರ್ ಬಾಯಿಗೆ ಪೈಪ್ ತುರುಕಿ ಹೊಗೆ ಅಳೆಯುತ್ತಾರೆ ಅಂದುಕೊಂಡಿದ್ದೆ. ಅಂಥದ್ದೇನೂ ಆಗಲಿಲ್ಲ. ಟೆಕ್ನಿಷಿಯನ್ ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದ. ಹಿಂದೆ ಹೊಗೆ ಕಾಣುತ್ತಾ ಅಂತ ಒಮ್ಮೆ ಕಣ್ಣು ಹಾಯಿಸಿದ. ಆಮೇಲೆ ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಕೇಬಲ್ ಚುಚ್ಚಿದ. ಸ್ವಲ್ಪ ಹೊತ್ತಿಗೆ ಕಾಗದ ಕೈಗೆ ಬಂತು. ಫೇಲ್.

ಆ ಸಾಕೆಟ್ ಒಬಿಡಿ-2ರದ್ದು, ಅಂದರೆ ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚಿಕೊಳ್ಳುವ ವ್ಯವಸ್ಥೆಯದ್ದು. ಅಮೆರಿಕದಲ್ಲಿ 1996ರಿಂದ ಈಚಿನ ಎಲ್ಲ ಕಾರುಗಳಲ್ಲೂ ಇದೆ. ಕ್ಯಾಲಿಫೋರ್ನಿಯಾದಲ್ಲಿ 2000 ಮತ್ತು ಆಮೇಲಿನ ಮಾಡೆಲ್‌ನ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ ಹೊಗೆ ಅಳೆಯುವುದಿಲ್ಲ, ಕಾರಿನ ಕಂಪ್ಯೂಟರನ್ನೇ ವಿಚಾರಿಸುತ್ತಾರೆ. ಹೊಗೆ ಸ್ವಚ್ಛ ಇದೆಯಾ ಅನ್ನುವುದಕ್ಕಿಂತ, ಅದನ್ನು ಕಾಯುವ ಕಂಪ್ಯೂಟರ್ ತನ್ನ ಕೆಲಸ ಮಾಡುತ್ತಿದೆಯಾ ಅನ್ನುವುದೇ ಇಲ್ಲಿನ ಪ್ರಶ್ನೆ. ಇದು ನನಗೆ ಅರ್ಥವಾಗಲು ಎರಡು ಸಲ ಫೇಲಾಗಬೇಕಾಯ್ತು.

ಮೊದಲ ಸಲ ಕೈಕೊಟ್ಟಿದ್ದು ಸಾಫ್ಟ್‌ವೇರ್. ಟ್ಯೂನ್ ಮಾರಿದವನು "ಚೆಕ್ ಎಂಜಿನ್ ದೀಪ ಉರಿಯಲ್ಲ, ಆರಾಮಾಗಿ ಪಾಸಾಗುತ್ತೆ" ಅಂದಿದ್ದ. ದೀಪವೇನೋ ಉರಿಯಲಿಲ್ಲ. ಆದರೆ ಎಂಜಿನ್ ಕಂಪ್ಯೂಟರ್ ತನ್ನೊಳಗಿನ ಪ್ರೋಗ್ರಾಮನ್ನು ತಾನೇ ಲೆಕ್ಕ ಹಾಕಿ ಸಿವಿಎನ್ ಅನ್ನೋ ಒಂದು ಸಂಖ್ಯೆ ಕೊಡುತ್ತದೆ. ಟರ್ಬೊ ಒತ್ತಡದ ಪಟ್ಟಿಯಲ್ಲಿ ಒಂದೇ ಒಂದು ಅಂಕಿ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ. 2021ರ ಜುಲೈಯಿಂದ ಇಲ್ಲಿ ಅದನ್ನು ತಯಾರಕರ ಸಂಖ್ಯೆಗೆ ಹೋಲಿಸಿ ನೋಡುತ್ತಾರೆ. ತಾಳೆಯಾಗದಿದ್ದರೆ ಫೇಲ್. ಕಾರ್ಬ್ ಅಂತ ಕರೆಯುವ ರಾಜ್ಯದ ವಾಯು ಮಂಡಳಿ ಒಪ್ಪಿದ ಟ್ಯೂನ್ ಆದರೆ ಸರಿ. ನನ್ನದು ಹಾಗಿರಲಿಲ್ಲ.

ಪುಣ್ಯಕ್ಕೆ ಕಂಪನಿಯ ಪ್ರೋಗ್ರಾಮಿನ ಮೂಲ ಫೈಲ್ ನನ್ನ ಹತ್ತಿರ ಇತ್ತು. ರಾತ್ರಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅದನ್ನು ವಾಪಸ್ ಹಾಕಿದೆ, ಬೆಳಿಗ್ಗೆ ಎದ್ದು ಸೀದಾ ಟೆಸ್ಟ್‌ಗೆ ಹೋದೆ. ಇನ್ನೇನು, ಎಲ್ಲ ಸರಿಯಾಯ್ತಲ್ವಾ ಅಂತ. ಮತ್ತೆ ಫೇಲ್! ಈ ಸಲ ಮಾನಿಟರ್‌ಗಳು ರೆಡಿ ಇಲ್ಲ ಅಂತ.

ಮಾನಿಟರ್ ಅಂದರೆ ಕಂಪ್ಯೂಟರ್ ತನಗೆ ತಾನೇ ಮಾಡಿಕೊಳ್ಳುವ ಪರೀಕ್ಷೆ. ಹೊಗೆಯ ವಿಷ ಕಡಿಮೆ ಮಾಡುವ ಕೆಟಲಿಟಿಕ್ ಕನ್ವರ್ಟರ್‌ಗೆ ಒಂದು, ಆಕ್ಸಿಜನ್ ಸೆನ್ಸರ್‌ಗಳಿಗೆ ಒಂದು, ಟ್ಯಾಂಕಿನ ಪೆಟ್ರೋಲ್ ಆವಿ ಸೋರುತ್ತಿದೆಯಾ ಅಂತ ನೋಡಲು ಇನ್ನೊಂದು. ಹೊಸ ಫೈಲ್ ಹಾಕಿದರೆ, ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಅಳಿಸಿದರೆ, ಎಷ್ಟೋ ಕಾರುಗಳಲ್ಲಿ ಬ್ಯಾಟರಿ ತಂತಿ ಬಿಚ್ಚಿದರೂ ಹಳೆಯ ಫಲಿತಾಂಶವೆಲ್ಲ ಅಳಿಸಿಹೋಗುತ್ತದೆ. ನನ್ನ ಮಾಡೆಲ್‌ಗೆ ಇಲ್ಲಿ ಆವಿಯ ಮಾನಿಟರ್ ಒಂದು ಬಾಕಿ ಇದ್ದರೆ ಬಿಡುತ್ತಾರೆ. ಉಳಿದದ್ದೆಲ್ಲ ಮುಗಿದಿರಬೇಕು. ಟೆಸ್ಟ್‌ಗೆ ದುಡ್ಡು ಕೊಡುವ ಮುಂಚೆ ಇದನ್ನು ಮನೆಯಲ್ಲೇ ನೋಡಬಹುದಿತ್ತು, ಅಗ್ಗದ ಬ್ಲೂಟೂತ್ ಡಾಂಗಲ್ ಮತ್ತು ಫೋನ್ ಸಾಕು. ಆ ಬುದ್ಧಿ ಎರಡನೇ ಫೇಲ್ ಆದಮೇಲೆ ಬಂತು.

ಹಾಗೆ ಡಾಂಗಲ್ ಸಿಕ್ಕಿಸಿಕೊಂಡು ಎರಡು ದಿನ ಓಡಿಸಿದ್ದೇ ತಡ, ಚೆಕ್ ಎಂಜಿನ್ ದೀಪ ಹತ್ತಿತು. ಕೋಡ್ ಪಿ0420. ಕನ್ವರ್ಟರ್ ಸಾಲುತ್ತಿಲ್ಲ ಅಂತ ಅದರ ಅರ್ಥ. ಟ್ಯೂನ್ ಜೊತೆಗೇ ಅಗಲವಾದ ಡೌನ್‌ಪೈಪ್, ಅಂದರೆ ಟರ್ಬೊದಿಂದ ಹೊಗೆ ಹೊರಗೊಯ್ಯುವ ಪೈಪ್, ಕೂಡ ಹಾಕಿಸಿದ್ದೆ. ಅದರೊಳಗಿನ ಕನ್ವರ್ಟರ್ ಹೆಸರಿಗೆ ಮಾತ್ರ.

ಫೋನಿನಲ್ಲಿ ಗ್ರಾಫ್ ತೆರೆದು ನೋಡಿದೆ. ಕನ್ವರ್ಟರ್ ಚೆನ್ನಾಗಿದ್ದರೆ ಅದು ಆಕ್ಸಿಜನ್ ಹಿಡಿದಿಟ್ಟುಕೊಂಡು ಬೇಕಾದಾಗ ಬಿಡುತ್ತದೆ, ಹಾಗಾಗಿ ಅದರ ಹಿಂದಿರುವ ಆಕ್ಸಿಜನ್ ಸೆನ್ಸರ್‌ನ ಗೆರೆ ಒಂದೇ ವೇಗದಲ್ಲಿ ಹೋಗುವಾಗ ಹೆಚ್ಚುಕಮ್ಮಿ ನೇರ ಇರುತ್ತದೆ. ನನ್ನದು 0.1 ವೋಲ್ಟ್‌ನಿಂದ 0.8ಕ್ಕೆ, ಮತ್ತೆ 0.1ಕ್ಕೆ, ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ಅಂದರೆ ಇಷ್ಟು ದಿನ ದೀಪ ಉರಿಯದಂತೆ ಕಾರಿನ ಬಾಯಿ ಕಟ್ಟಿದ್ದೇ ಆ ಟ್ಯೂನ್. ಮೂಲ ಫೈಲ್ ಬಂದ ಕೂಡಲೇ ಕಾರು ನಿಜ ಹೇಳಿಬಿಟ್ಟಿತು.

ಒಂದು ಶನಿವಾರ ಪೂರ್ತಿ ಕಾರಿನ ಅಡಿ ಮಲಗಿ ಕಂಪನಿಯ ಹಳೆ ಪೈಪನ್ನೇ ವಾಪಸ್ ಹಾಕಿದೆ. ತುಕ್ಕು ಹಿಡಿದ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಸಿಂಪಡಿಸಿದ್ದೆ, ಆದರೂ ಒಂದು ಮುರಿಯಿತು. ಹೊಸ ಗ್ಯಾಸ್ಕೆಟ್ ಬೇರೆ.

ಅಷ್ಟರಲ್ಲಿ ಪಿ0420 ಪರ್ಮನೆಂಟ್ ಕೋಡ್ ಆಗಿ ಕೂತಿತ್ತು. 2010 ಮತ್ತು ಆಮೇಲಿನ ಮಾಡೆಲ್‌ನ ಕಾರುಗಳಲ್ಲಿ ಈ ಕೋಡನ್ನು ಸ್ಕ್ಯಾನರ್‌ನಿಂದ ಅಳಿಸಲಾಗದು. ಆ ಮಾನಿಟರ್ ಮತ್ತೆ ಓಡಿ, ತೊಂದರೆ ಇಲ್ಲ ಅಂತ ಕಾರಿಗೇ ಖಾತ್ರಿಯಾಗಬೇಕು. ಇಲ್ಲವೇ, ಕೋಡ್ ಅಳಿಸಿದ ಮೇಲೆ 200 ಮೈಲಿ ಓಡಿ 15 ಸಲ ಎಂಜಿನ್ ತಣ್ಣಗಿನಿಂದ ಬಿಸಿಯಾಗಿದ್ದರೆ, ಕ್ಯಾಲಿಫೋರ್ನಿಯಾದ ಟೆಸ್ಟ್‌ನಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಾನು ಓಡಿಸಿಯೇ ಹೋಗಲಿ ಅಂತ ಹೊರಟೆ. ರಾತ್ರಿಯೆಲ್ಲ ತಣ್ಣಗೆ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವುದು, ಟ್ಯಾಂಕ್ ಅರ್ಧದ ಆಸುಪಾಸು ಇಡುವುದು, ಫ್ರೀವೇನಲ್ಲಿ ಗಂಟೆಗೆ 55 ಮೈಲಿಯಲ್ಲಿ ಅಲುಗಾಡದೆ ಹೋಗುವುದು, ಮಧ್ಯೆ ಮಧ್ಯೆ ಆಕ್ಸಿಲರೇಟರ್ ಬಿಟ್ಟು ಬ್ರೇಕ್ ಮುಟ್ಟದೆ ವೇಗ ಇಳಿಸುವುದು. ಬೇಜಾರಿನ ಕೆಲಸ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಮೂರನೇ ದಿನ ಕನ್ವರ್ಟರ್ ಮಾನಿಟರ್ ಮುಗಿಯಿತು. ಇನ್ನಷ್ಟು ಓಡಿಸಿದ ಮೇಲೆ ಪರ್ಮನೆಂಟ್ ಕೋಡ್ ತಾನಾಗಿ ಹೋಯಿತು. ಆವಿಯದು ಬಾಕಿಯೇ ಉಳಿಯಿತು, ಇರಲಿ ಅಂತ ಬಿಟ್ಟೆ.

ಮೂರನೇ ಸಲ ಅದೇ ಟೆಕ್ನಿಷಿಯನ್. ಎಂಜಿನ್‌ಗೆ ಗಾಳಿ ಎಳೆಯುವ ಏರ್ ಇಂಟೇಕ್ ಮಾತ್ರ ಇನ್ನೂ ಬೇರೆ ಕಂಪನಿಯದೇ ಇತ್ತು. ಅದಕ್ಕೆ ಕಾರ್ಬ್ ಒಪ್ಪಿಗೆ ಕೊಟ್ಟದ್ದರ ಗುರುತಾದ ಇಒ ನಂಬರ್ ಇತ್ತು, ಆದರೆ ಸ್ಟಿಕ್ಕರ್ ಮೇಲೆ ಎಣ್ಣೆ ಜಿಡ್ಡು. ಅವನು ಬಟ್ಟೆಯಿಂದ ಒರೆಸಿ ನಂಬರ್ ಓದಿದ. ಆಮೇಲೆ ಕೇಬಲ್ ಚುಚ್ಚಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಬಿಚ್ಚಬೇಕಾದ್ದನ್ನೆಲ್ಲ ಬಿಚ್ಚಿದ್ದರೂ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಪಾಸ್ ಅಂತ ಕಾಗದ ಬಂತು.

ಸುಳ್ಳು ಯಾಕೆ, ಟ್ಯೂನ್ ಇದ್ದಾಗಿನ ಆ ಎಳೆತ ಈಗಲೂ ನೆನಪಾಗುತ್ತದೆ. ಡೌನ್‌ಪೈಪ್ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದೆ. ಕೊಳ್ಳುತ್ತೇನೆ ಅಂತ ಇಬ್ಬರು ಕೇಳಿದರು. ಮಾರಲಿಲ್ಲ.