ತೊಡೆ ತಟ್ಟಿದ ಸದ್ದು: ಸ್ಕ್ರೀನ್ ರೀಡರ್ ಇಟ್ಟುಕೊಂಡು ವಿಡಿಯೋ ಕಾಲ್‌ನಲ್ಲಿ ಸಂಗೀತ ಪಾಠ

ಆ ಹುಡುಗಿ ತಾಳ ಹಾಕುತ್ತಿಲ್ಲ ಅಂತ ನಾನು ಮೂರು ವಾರ ಗದರಿಸಿದೆ. "ಹಾಕ್ತಾ ಇದೀನಿ ಗುರುಗಳೇ" ಅನ್ನುತ್ತಿದ್ದಳು. ನಾನು ನಂಬಲಿಲ್ಲ. ಕೊನೆಗೆ ಅವಳ ತಾಯಿಯೇ ಮಧ್ಯೆ ಬಂದು, "ಗುರುಗಳೇ, ನಾನು ಪಕ್ಕದಲ್ಲೇ ಕೂತಿದೀನಿ. ಅವಳು ಬಿಡದೆ ಹಾಕ್ತಾ ಇದಾಳೆ" ಅಂದರು. ಅವತ್ತು ನನಗೆ ತುಂಬಾ ಬೇಜಾರಾಯಿತು. ಮಗು ಸುಳ್ಳು ಹೇಳುತ್ತಿಲ್ಲ, ನನ್ನ ಕಿವಿಯೂ ಸುಳ್ಳು ಹೇಳುತ್ತಿಲ್ಲ. ಹಾಗಾದರೆ ಸದ್ದು ಹೋಗಿದ್ದೆಲ್ಲಿಗೆ?

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ಸಾಫ್ಟ್‌ವೇರ್, ಅಂದರೆ ಸ್ಕ್ರೀನ್ ರೀಡರ್, ಇಟ್ಟುಕೊಂಡು ಕಂಪ್ಯೂಟರ್ ಬಳಸುತ್ತೇನೆ. ಮೈಸೂರಿನಲ್ಲಿ ಮನೆಯಲ್ಲೇ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಮಕ್ಕಳು ಬರುವುದು ನಿಂತಾಗ ವಿಡಿಯೋ ಕಾಲ್ ಹಿಡಿದೆ. ಊರಿನ ಮಕ್ಕಳು ಈಗ ಮತ್ತೆ ಮನೆಗೇ ಬರುತ್ತಾರೆ. ಕ್ಯಾಲಿಫೋರ್ನಿಯಾದ ನಾಲ್ಕು ಕನ್ನಡದ ಮಕ್ಕಳು ಮಾತ್ರ ಲ್ಯಾಪ್‌ಟಾಪ್‌ನಲ್ಲೇ ಉಳಿದಿದ್ದಾರೆ. ನಮಗೆ ಬೆಳಗ್ಗೆ 6 ಗಂಟೆ ಅಂದರೆ ಅವರಿಗೆ ಹಿಂದಿನ ದಿನದ ಸಂಜೆ 5.30. ಚಳಿಗಾಲದಲ್ಲಿ ಅಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಆಗ 4.30.

ಎದುರಿಗೆ ಕೂತ ಮಗುವಿನ ತಾಳವನ್ನು ನಾನು ನೋಡುವುದಿಲ್ಲ, ಕೇಳುತ್ತೇನೆ. ಆದಿತಾಳಕ್ಕೆ ಎಂಟು ಅಕ್ಷರ, ಅಂದರೆ ಎಂಟು ಎಣಿಕೆ. ಮೊದಲು ಒಂದು ಪೆಟ್ಟು, ಮೂರು ಬೆರಳೆಣಿಕೆ. ಆಮೇಲೆ ಒಂದು ಪೆಟ್ಟು ಒಂದು ಹುಸಿ (ಸದ್ದಿಲ್ಲದೆ ಅಂಗೈ ಮೇಲಕ್ಕೆ ತಿರುಗಿಸುವುದು), ಮತ್ತೆ ಒಂದು ಪೆಟ್ಟು ಒಂದು ಹುಸಿ. ಅಂದರೆ ಎಂಟರಲ್ಲಿ ಚೆನ್ನಾಗಿ ಸದ್ದು ಬರುವುದು ಮೂರೇ ಕಡೆ: 1, 5, 7. ಅಂಗೈ ತೊಡೆಗೆ ಬೀಳುವ ಆ ಮೂರು ಸದ್ದಿನಲ್ಲೇ ಮಗು ಓಡುತ್ತಿದೆಯಾ, ಎಳೆಯುತ್ತಿದೆಯಾ, ಎಣಿಕೆ ತಪ್ಪಿದೆಯಾ ಅಂತ ಗೊತ್ತಾಗುತ್ತದೆ. ಆ ಮೂರು ಹೋದರೆ ನನಗೆ ತಾಳವೇ ಇಲ್ಲ.

ಆ ತಾಯಿಗೆ ಒಂದು ಕೆಲಸ ಹೇಳಿದೆ. ಪಾಠದಲ್ಲಿ ಹಾಡಿದ ಅದೇ ಸರಳೆಯನ್ನು (ಸ ರಿ ಗ ಮದ ಮೊದಲ ಅಭ್ಯಾಸ) ಮಗಳ ಕೈಲಿ ಹಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ ಅಂದೆ. ಕೇಳಿದೆ. ಪೆಟ್ಟು ಮೂರೂ ಸ್ಪಷ್ಟ! ಮಾಯಾಮಾಳವಗೌಳ ರಾಗದ ಸರಳೆ, ಜೊತೆಗೆ ಆ ಪುಟ್ಟ ಕೈಯ ಸದ್ದು, ಒಂದೂ ತಪ್ಪಿಲ್ಲ. ಅವತ್ತೇ ಫೋನ್ ಮಾಡಿ ಆ ಮಗುವಿನ ಹತ್ತಿರ ಕ್ಷಮೆ ಕೇಳಿದೆ.

ಆಮೇಲೆ ವಿಚಾರಿಸಿದಾಗ ಕಾರಣ ತಿಳಿಯಿತು. ವಿಡಿಯೋ ಕಾಲ್ ಸಾಫ್ಟ್‌ವೇರ್‌ಗಳನ್ನು ಮಾಡಿರುವುದು ಮುಖ್ಯವಾಗಿ ಮಾತಿಗೆ. ಮಾತಲ್ಲದ್ದನ್ನು ಅವು ಗದ್ದಲ ಅಂತ ಲೆಕ್ಕ ಹಾಕಿ ಅಡಗಿಸುತ್ತವೆ. ಫ್ಯಾನಿನ ಸದ್ದು, ಕೀಬೋರ್ಡಿನ ಟಕಟಕ ಹೋಗಲಿ ಅಂತ ಮಾಡಿದ ಏರ್ಪಾಡು ಅದು. ಆಫೀಸಿನವರಿಗೆ ಒಳ್ಳೆಯದೇ. ಆದರೆ ತೊಡೆ ತಟ್ಟಿದ ಸದ್ದೂ ಅದರ ಜೊತೆ ಹೋಗುತ್ತದೆ. ಶ್ರುತಿಪೆಟ್ಟಿಗೆಯದೂ ಅದೇ ಕಥೆ. ಒಂದೇ ಸಮ ಮೊಳಗುವ ಶ್ರುತಿ ಆ ಲೆಕ್ಕದಲ್ಲಿ ಫ್ಯಾನಿನ ಹಾಗೇ ಅಲ್ವಾ? ಸ್ವಲ್ಪ ಹೊತ್ತು ಕೇಳಿಸಿ ಕರಗಿಹೋಗುತ್ತದೆ.

ನಾನು ಬಳಸುವುದು ಝೂಮ್. ಅದರ ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ಭಾಗಕ್ಕೆ ಹೋದರೆ 'ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್' ಅಂತ ಒಂದು ಆಯ್ಕೆ ಇದೆ. ಅದನ್ನು ಆಯ್ಕೆ ಮಾಡಿದರೆ ಸದ್ದು ಸೋಸದೆ ಹೋಗುತ್ತದೆ. ಕೆಳಗೆ 'ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್' ಇದೆ, ಅದಕ್ಕೂ ಟಿಕ್ ಹಾಕಿ. 'ಎಕೋ ಕ್ಯಾನ್ಸಲೇಷನ್' (ಸ್ಪೀಕರ್‌ನಿಂದ ಬಂದ ಸದ್ದು ಮೈಕ್ ಮೂಲಕ ಮರಳಿ ಹೋಗದಂತೆ ತಡೆಯುವುದು) ಆಫ್ ಮಾಡಿದರೆ ಸಂಗೀತ ಇನ್ನೂ ಚೆನ್ನ, ಆದರೆ ಆಗ ಎರಡೂ ಕಡೆ ಹೆಡ್‌ಫೋನ್ ಬೇಕೇ ಬೇಕು. ಇಷ್ಟು ಮಾಡಿ ಸುಮ್ನೆ ಕೂತರೆ ಸಾಲದು. ಮೀಟಿಂಗ್ ಒಳಗೆ 'ಒರಿಜಿನಲ್ ಸೌಂಡ್' ಅನ್ನುವ ಬಟನ್ ಇರುತ್ತದೆ, ಅದು ಆನ್ ಆಗಿದೆಯಾ ಅಂತ ಪ್ರತಿಸಲ ನೋಡಿಕೊಳ್ಳಬೇಕು. ಟ್ಯಾಬ್ ಒತ್ತುತ್ತಾ ಹೋದರೆ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ.

ಇಲ್ಲಿ ನಾನು ಎಡವಿದ್ದು ಒಂದಿದೆ. ಮೊದಲು ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದನ್ನೆಲ್ಲ ಮಾಡಿದೆ. ಪೆಟ್ಟು ಆಗಲೂ ಕೇಳಿಸಲಿಲ್ಲ. ಯಾಕೆಂದರೆ ಸೋಸುವುದು ಕಳಿಸುವ ಕಡೆ. ಮಗುವಿನ ಪೆಟ್ಟು ನನಗೆ ಬೇಕಾದರೆ ಮಗುವಿನ ಕಂಪ್ಯೂಟರ್‌ನಲ್ಲಿ ಆನ್ ಆಗಬೇಕು. ಈಗ ಹೊಸ ಮಕ್ಕಳ ಅಪ್ಪ ಅಮ್ಮಂದಿರ ಜೊತೆ ಮೊದಲ ಹದಿನೈದು ನಿಮಿಷ ಇದಕ್ಕೇ ಇಡುತ್ತೇನೆ.

ಇನ್ನು ಸ್ಕ್ರೀನ್ ರೀಡರ್ ವಿಷಯ. ನನ್ನದು ಎನ್‌ವಿಡಿಎ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಶುರುವಾದದ್ದು, ದುಡ್ಡಿಲ್ಲದೆ ಸಿಗುತ್ತದೆ. ಅದರ ಜೊತೆಗೇ ಬರುವ ಈಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ಅದಿಲ್ಲದಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಆದರೆ ಮಗು ಹಾಡುವಾಗ ಅದು ಮಾತಾಡಬಾರದು. ಮಗು ಮೇಲಿನ ಷಡ್ಜ (ಸ) ಹಿಡಿದಿರುತ್ತದೆ, ಅದೇ ಹೊತ್ತಿಗೆ 'ಯಾರೋ ಒಳಗೆ ಬಂದರು' ಅಂತ ಕಿವಿಯಲ್ಲಿ ಕೇಳಿದರೆ ಶ್ರುತಿ ಸೇರಿತಾ ಇಲ್ಲವಾ ಹೇಗೆ ಹೇಳಲಿ?

ಇದಕ್ಕೆ ಝೂಮ್ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಭಾಗದಲ್ಲಿ ಸ್ಕ್ರೀನ್ ರೀಡರ್ ಅಲರ್ಟ್‌ಗಳ ಪಟ್ಟಿ ಇದೆ. ಬಂದರು, ಹೋದರು, ಚಾಟ್ ಬಂತು, ಎಲ್ಲಕ್ಕೂ ಬೇರೆ ಬೇರೆ ಟಿಕ್. ನನಗೆ ಬೇಡದ್ದನ್ನೆಲ್ಲ ತೆಗೆದೆ. ಸೆಟ್ಟಿಂಗ್ಸ್‌ನಲ್ಲೇ 'ಆಲ್ವೇಸ್ ಶೋ ಮೀಟಿಂಗ್ ಕಂಟ್ರೋಲ್ಸ್' ಅಂತ ಇನ್ನೊಂದು ಇದೆ. ಅದನ್ನು ಹಾಕಿಕೊಂಡರೆ ಬಟನ್‌ಗಳು ಮರೆಯಾಗದೆ ನಿಲ್ಲುತ್ತವೆ, ಟ್ಯಾಬ್‌ನಲ್ಲಿ ಹುಡುಕುವುದು ಸುಲಭ.

ಎರಡನೆಯದು ಕಿವಿ ಹಂಚಿಕೊಳ್ಳುವುದು. ಮೊದಮೊದಲು ಒಂದು ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ತಂದು, ಎನ್‌ವಿಡಿಎ ದನಿಯನ್ನು ಅದಕ್ಕೆ ಕಳಿಸಿ, ಅದರ ಇಯರ್‌ಫೋನ್ ಎಡಗಿವಿಗೆ ಹಾಕುತ್ತಿದ್ದೆ. ಬಲಗಿವಿಗೆ ಮಗುವಿನ ದನಿ. ಎನ್‌ವಿಡಿಎ 2024.2 ಬಂದ ಮೇಲೆ ಸೌಂಡ್ ಸ್ಪ್ಲಿಟ್ ಅದರೊಳಗೇ ಸೇರಿತು. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್ ಕೀ), ಆಲ್ಟ್, ಎಸ್ ಒಟ್ಟಿಗೆ ಒತ್ತಿದರೆ ಓದುವ ದನಿ ಒಂದು ಕಿವಿಗೆ, ಉಳಿದದ್ದು ಇನ್ನೊಂದು ಕಿವಿಗೆ. ತುಂಬಾ ಗಮನ ಕೊಟ್ಟು ಕೇಳಬೇಕಾದಾಗ ಎನ್‌ವಿಡಿಎ ಕೀ ಜೊತೆ ಎಸ್ ಒತ್ತುತ್ತಾ ಹೋಗಿ ಮಾತನ್ನೇ ನಿಲ್ಲಿಸಿಬಿಡುತ್ತೇನೆ. ಸ್ಕ್ರೀನ್ ಶೇರ್‌ನಲ್ಲಿ 'ಶೇರ್ ಸೌಂಡ್' ಹಾಕಿ ಮಕ್ಕಳಿಗೆ ಏನಾದರೂ ಕೇಳಿಸುವಾಗಲೂ ಇದು ಮುಖ್ಯ. ಕಂಪ್ಯೂಟರ್‌ನ ಸದ್ದೆಲ್ಲ ಆಚೆ ಹೋಗುತ್ತದೆ, ಅದರಲ್ಲಿ ಎನ್‌ವಿಡಿಎ ದನಿಯೂ ಸೇರುತ್ತದೆ.

ಝೂಮ್‌ನ ಕೀಗಳನ್ನು ಒಂದೇ ದಿನ ಕಲಿಯಲು ಹೋಗಬೇಡಿ. ನಾನು ಮೊದಲ ವಾರ ಕಲಿತದ್ದು ಆಲ್ಟ್ ಮತ್ತು ಎ ಮಾತ್ರ, ಮೈಕ್ ಆನ್ ಆಫ್ ಮಾಡಲು. ಆಮೇಲೆ ಕ್ಯಾಮೆರಾಗೆ ಆಲ್ಟ್ ಮತ್ತು ವಿ, ಹೊರಬರಲು ಆಲ್ಟ್ ಮತ್ತು ಕ್ಯೂ. ಯಾರು ಮಾತಾಡುತ್ತಿದ್ದಾರೆ ಅಂತ ತಿಳಿಯಲು ಕಂಟ್ರೋಲ್ ಮತ್ತು 2. ಪಾಠ ಮಾಡುವವರಿಗೆ ಆಲ್ಟ್ ಮತ್ತು ಎಮ್ ಬಹಳ ಉಪಯೋಗ. ಮೀಟಿಂಗ್ ನಡೆಸುವವರು ಒತ್ತಿದರೆ ಉಳಿದವರ ಮೈಕೆಲ್ಲ ಒಂದೇ ಸಲ ಬಂದ್. ಕಾಲ್‌ನಲ್ಲಿ ದನಿ ಸ್ವಲ್ಪ ತಡವಾಗಿಯೇ ತಲುಪುತ್ತದೆ, ಹಾಗಾಗಿ ಒಟ್ಟಿಗೆ ಹಾಡಿಸಲು ಆಗುವುದೇ ಇಲ್ಲ. ನಾನು ಒಂದು ಆವರ್ತ (ತಾಳದ ಒಂದು ಸುತ್ತು) ಹಾಡುತ್ತೇನೆ, ಒಂದು ಮಗು ಮೈಕ್ ಆನ್ ಮಾಡಿ ಹಾಡುತ್ತದೆ, ಉಳಿದವರು ಅವರವರ ಮನೆಯಲ್ಲೇ ಮೈಕ್ ಆಫ್ ಮಾಡಿಕೊಂಡು ಹಾಡುತ್ತಾರೆ.

ಮಕ್ಕಳಿಗೆ ನನ್ನ ಮುಖ, ನನ್ನ ಕೈ ಕಾಣಬೇಕು. ಲ್ಯಾಪ್‌ಟಾಪನ್ನು ಒಂದೇ ಮಣೆಯ ಮೇಲೆ, ಗೋಡೆಗೆ ತಾಗಿಸಿ ಇಡುತ್ತೇನೆ. ಚಾಪೆಯ ಅಂಚಿಗೆ ಒಂದು ದಪ್ಪ ದಾರ ಹೊಲಿದಿದೆ, ನನ್ನ ಮೊಣಕಾಲು ಅಲ್ಲಿಗೆ ಬಂದರೆ ಸರಿ. ಇದನ್ನು ಅಳೆದು ಕೊಟ್ಟವಳು ನನ್ನ ತಂಗಿ. ಬೆಳಗಿನ ಜಾವದ ಪಾಠಕ್ಕೆ ಟ್ಯೂಬ್‌ಲೈಟ್ ಹಾಕುವುದನ್ನೂ ಮರೆಯಬಾರದು.

ಪಾಠ ಬರೆದ ಪುಟದ ಫೋಟೋ ಕಳಿಸುವವರು ಜಾಸ್ತಿ. ಸ್ಕ್ರೀನ್ ರೀಡರ್‌ಗೆ ಅದು ಬರೀ ಒಂದು ಚಿತ್ರ. ಸ ರಿ ಗ ಮ ಟೈಪ್ ಮಾಡಿ ಕಳಿಸಿ ಅಂತ ಕೇಳಿಕೊಳ್ಳುತ್ತೇನೆ. ಒಂದು ಸಲ ಹೇಳಿದರೆ ಎಲ್ಲರೂ ಸಂತೋಷದಿಂದ ಮಾಡುತ್ತಾರೆ.

ಹೊಸ ಮಗು ಬಂದ ದಿನ ಮೊದಲು ಹಾಡಿಸುವುದಿಲ್ಲ. "ಬಾಯಿ ಮುಚ್ಚಿಕೊಂಡು ಎರಡು ಆವರ್ತ ಆದಿತಾಳ ಹಾಕು ಪುಟ್ಟಾ" ಅನ್ನುತ್ತೇನೆ. ಎನ್‌ವಿಡಿಎ ಮಾತು ನಿಲ್ಲಿಸಿ ಕೇಳುತ್ತೇನೆ. 1, 5, 7, ಮೂರೂ ಬಂದರೆ ಶ್ರುತಿ ಹಾಕಿ ಸರಳೆ ಶುರು ಮಾಡುತ್ತೇವೆ. ಬರದಿದ್ದರೆ ಮಗುವಿಗೆ ಏನೂ ಅನ್ನುವುದಿಲ್ಲ. ಅಮ್ಮನನ್ನು ಕರೆದು, ಆಡಿಯೋ ಸೆಟ್ಟಿಂಗ್ಸ್ ತೆರೆಯಲು ಹೇಳುತ್ತೇನೆ.