ಎಕ್ಸ್‌ಎಂಎಲ್ ಒಳಗೆ ಎಚ್‌ಟಿಎಂಎಲ್: ಪ್ರಸಂಗದ ಪದಗಳನ್ನು ನಾನು ಇಟ್ಟ ಕ್ರಮ

ಕಾಸರಗೋಡು ಕಡೆಯ ಯಕ್ಷಗಾನ ಪ್ರಸಂಗಗಳನ್ನು (ಹಾಡುಗಳ ರೂಪದ ಕಥಾಪಠ್ಯಗಳನ್ನು) ಎಕ್ಸ್‌ಎಂಎಲ್ (ಮಾಹಿತಿಯ ತುಂಡುಗಳಿಗೆ ನಾವೇ ಹೆಸರಿಟ್ಟು ಗುರುತಿಸುವ ಬರಹದ ಕ್ರಮ) ಕಡತಗಳಲ್ಲಿ ಹಾಕಿಡುವಾಗ ಮೊದಲು ತೀರ್ಮಾನ ಮಾಡಿಕೊಂಡದ್ದು ಇದು: ಯಾವುದನ್ನು ಹುಡುಕಬೇಕೋ ಅದಕ್ಕೆ ಎಕ್ಸ್‌ಎಂಎಲ್‌ನದೇ ಟ್ಯಾಗ್ (< > ನಡುವಿನ ಗುರುತು), ಯಾವುದನ್ನು ಬರೀ ತೋರಿಸಬೇಕೋ ಅದಕ್ಕೆ ವೆಬ್ ಪುಟಗಳ ಗುರುತಿನ ಭಾಷೆಯಾದ ಎಚ್‌ಟಿಎಂಎಲ್. ರಾಗ, ತಾಳ ಹುಡುಕುವ ವಿಷಯ. ಎಕ್ಸ್‌ಎಂಎಲ್ ಕನ್ನಡದ ಹೆಸರುಗಳನ್ನೂ ಒಪ್ಪುವುದರಿಂದ ಹೀಗೆ ಬರೆದೆ (ಪದ ಎಂದರೆ ಇಲ್ಲಿ ಪ್ರಸಂಗದ ಹಾಡು; ಟ್ಯಾಗ್‌ನೊಳಗಿನ ರಾಗ, ತಾಳ ಅದರ ಆಟ್ರಿಬ್ಯೂಟ್‌ಗಳು):

<ಪದ ರಾಗ="ಭೈರವಿ" ತಾಳ="ಝಂಪೆ">…</ಪದ>

ಪದದ ಕೆಳಗಿನ ಅರ್ಥ, ಟಿಪ್ಪಣಿಗಳದ್ದು ಬೇರೆ ಕತೆ. ಅವು ಎಡಿಟರ್‌ನಿಂದ ದಪ್ಪಕ್ಷರ, ಓರೆ ಅಕ್ಷರ, ಸಾಲು ಮುರಿಯುವ ಬಿಆರ್ ಟ್ಯಾಗ್ ಎಲ್ಲ ಹೊತ್ತುಕೊಂಡೇ ಬರುತ್ತವೆ. ಹಾಗೇ ಅಂಟಿಸಿದರೆ ಮುಚ್ಚದ ಬಿಆರ್ ಒಂದೇ ಸಾಕು, ಕಡತವನ್ನು ಓದಿ ಬಿಡಿಸುವ ಪ್ರೋಗ್ರಾಂ, ಅಂದರೆ ಪಾರ್ಸರ್, ಅಲ್ಲೇ ನಿಲ್ಲುತ್ತದೆ. ಹಾಗಾಗಿ ಅದನ್ನು ಪಠ್ಯವೆಂದೇ ಇಡಬೇಕು. ದಾರಿ ಎರಡು: < ಇದ್ದಲ್ಲಿ &#60;, & ಇದ್ದಲ್ಲಿ &#38; ಎಂದು ಚಿಹ್ನೆಯ ಬದಲು ಸಂಕೇತ ಬರೆಯುವುದು (ಎಸ್ಕೇಪ್ ಮಾಡುವುದು), ಇಲ್ಲವೇ ಇಡೀ ತುಂಡನ್ನು ಸಿಡೇಟಾ ವಿಭಾಗದೊಳಗೆ, ಅಂದರೆ ಟ್ಯಾಗನ್ನೂ ಬರೀ ಪಠ್ಯವೆಂದೇ ಓದಿಸುವ <![CDATA[ ಮತ್ತು ]]> ಗುರುತುಗಳ ನಡುವೆ, ಹಾಕುವುದು. ಪಾರ್ಸರ್‌ಗೆ ಎರಡೂ ಒಂದೇ, ಓದಿದ ಮೇಲೆ ಸಿಗುವ ಪಠ್ಯದಲ್ಲಿ ವ್ಯತ್ಯಾಸವಿಲ್ಲ. ಕಡತವನ್ನು ಕಣ್ಣಿನಿಂದ ಓದಿ ತಿದ್ದುವವರಿದ್ದಾರೆ ಎಂಬ ಕಾರಣಕ್ಕೆ ನಾನು ಸಿಡೇಟಾ ಆರಿಸಿಕೊಂಡೆ. ಆದರೆ ಓದಿ ಮತ್ತೆ ಸೇವ್ ಮಾಡುವ ಕೆಲವು ಲೈಬ್ರರಿಗಳು (ಸಿದ್ಧ ಕೋಡ್ ಸಂಗ್ರಹಗಳು) ಸಿಡೇಟಾ ತೆಗೆದು ಎಸ್ಕೇಪ್ ಮಾಡಿಬಿಡುತ್ತವೆ. ಅದು ದೋಷವಲ್ಲ, ಗಾಬರಿ ಬೇಡ.

ಸಿಡೇಟಾಕ್ಕೆ ದೊಡ್ಡ ಶತ್ರು: ]]> ಎಂಬ ಮೂರು ಚಿಹ್ನೆ. ಅದು ಪಠ್ಯದಲ್ಲೇ ಬಂದರೆ ವಿಭಾಗ ಅಲ್ಲಿಗೇ ಮುಗಿಯುತ್ತದೆ. ಒಂದರೊಳಗೊಂದು ಸಿಡೇಟಾ ಇಡಲಾಗದ್ದಕ್ಕೂ ಇದೇ ಕಾರಣ. ಪರಿಹಾರವೆಂದರೆ ]] ಆದೊಡನೆ ವಿಭಾಗ ಮುಚ್ಚಿ, > ಚಿಹ್ನೆಯಿಂದ ಹೊಸ ವಿಭಾಗ ತೆರೆಯುವುದು. ಇದನ್ನು ಕೈಯಿಂದ ಮಾಡಬೇಡಿ, ಸ್ಟ್ರಿಂಗ್ (ಅಕ್ಷರಗಳ ಸಾಲು) ಜೋಡಿಸಿ ಎಕ್ಸ್‌ಎಂಎಲ್ ಬರೆಯಲೇಬೇಡಿ. ಬರೆಯುವ ಕೆಲಸ ಲೈಬ್ರರಿಗೇ ಇರಲಿ. ನೀವೂ ಎಸ್ಕೇಪ್ ಮಾಡಿ ಲೈಬ್ರರಿಯೂ ಮಾಡಿದರೆ &#60; ಎಂಬುದು &#38;#60; ಆಗಿ, ತೆರೆಯಲ್ಲಿ ದಪ್ಪಕ್ಷರದ ಬದಲು ಟ್ಯಾಗೇ ಕಾಣಿಸುತ್ತದೆ.

ಎಚ್‌ಟಿಎಂಎಲ್‌ನ ತುಂಡನ್ನು ಆಟ್ರಿಬ್ಯೂಟ್‌ನಲ್ಲಿ ಇಡುವುದು ಬೇಡವೇ ಬೇಡ. ಅಲ್ಲಿ < ನೇರವಾಗಿ ಬರುವಂತಿಲ್ಲ, ಸಾಲು ಮುರಿತಗಳು ಪಾರ್ಸ್ ಆಗುವಾಗ ಖಾಲಿ ಜಾಗವಾಗಿಬಿಡುತ್ತವೆ.

ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರುವ ಹೆಸರಿನ ಎಂಟಿಟಿಗಳು (ಅಕ್ಷರದ ಬದಲು ಬರೆಯುವ ಹೆಸರುಗಳು) ಐದೇ. ಎಚ್‌ಟಿಎಂಎಲ್‌ನ ಎನ್‌ಬಿಎಸ್‌ಪಿ (ಸಾಲು ಮುರಿಯದ ಖಾಲಿ ಜಾಗ) ಅದರಲ್ಲಿಲ್ಲ. ಸಿಡೇಟಾದೊಳಗೆ ನಡೆಯುತ್ತದೆ, ಹೊರಗೆ &#160; ಬರೆಯಬೇಕು. ವರ್ಡ್‌ನಿಂದ ಅಂಟಿಸಿದ ಪದ್ಯಗಳಲ್ಲಿ ಇನ್ನೊಂದು ಕಾಣದ ಕಾಟವಿದೆ: ಶಿಫ್ಟ್ ಹಿಡಿದು ಎಂಟರ್ ಒತ್ತಿದ ಸಾಲು ಮುರಿತ ಕೆಲವೊಮ್ಮೆ 11ನೇ ಸಂಖ್ಯೆಯ ನಿಯಂತ್ರಣ ಅಕ್ಷರವಾಗಿ ಬರುತ್ತದೆ. ಎಕ್ಸ್‌ಎಂಎಲ್ 1.0ರಲ್ಲಿ 32ಕ್ಕಿಂತ ಕೆಳಗಿನವುಗಳ ಪೈಕಿ 9, 10, 13 ಮಾತ್ರ ಸಲ್ಲುತ್ತವೆ. ಸಿಡೇಟಾದಲ್ಲಿಟ್ಟರೂ, &#11; ಎಂದು ಬರೆದರೂ ಪಾರ್ಸರ್ ಬಿಡುವುದಿಲ್ಲ; ಬರೆಯುವ ಮೊದಲೇ ತೆಗೆದು ಬಿಆರ್ ಹಾಕಬೇಕು.

ಹಾಗೆಂದು ಕಾಣದ ಅಕ್ಷರಗಳನ್ನೆಲ್ಲ ಗುಡಿಸಿಹಾಕಬೇಡಿ. ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರ ತಡೆಯುವ 8204ನೇ ಸಂಖ್ಯೆಯ ಕಾಣದ ಅಕ್ಷರ, ‘ರ‍್ಯಾಂಕ್’ ಎಂಬಲ್ಲಿ ಅರ್ಕಾವತ್ತು ಆಗದಂತೆ ನೋಡುವ 8205 ಕನ್ನಡಕ್ಕೆ ಬೇಕೇಬೇಕು. ನಮ್ಮ ಕಡತಗಳಲ್ಲಿ ಮಲಯಾಳ ಟಿಪ್ಪಣಿಯೂ ಇರುತ್ತದೆ. ಹಳೆಯ ಟೈಪಿಂಗ್‌ನಲ್ಲಿ ಚಿಲ್ಲಕ್ಷರಕ್ಕೆ (ಸ್ವರವಿಲ್ಲದ ವ್ಯಂಜನದ ರೂಪಕ್ಕೆ) ಇದೇ 8205 ಬಳಸಿದ್ದಾರೆ, 2008ರ ಯುನಿಕೋಡ್ 5.1ರಿಂದ ಚಿಲ್ಲುಗಳಿಗೆ ಪ್ರತ್ಯೇಕ ಸಂಕೇತ ಬಂದಿದೆ. ನೋಡಲು ಎರಡೂ ಒಂದೇ, ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಯಾವುದಾದರೊಂದಕ್ಕೆ ಮೊದಲೇ ಬದಲಿಸಿಕೊಳ್ಳಿ.

ಕಡತ ಎಲ್ಲ ಭಾಷೆಗಳ ಅಕ್ಷರವನ್ನೂ ಹಿಡಿಸುವ ಯುಟಿಎಫ್-8 ಸಂಕೇತ ಕ್ರಮದಲ್ಲೇ ಇರಲಿ. ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಆಸ್ಕಿ ಎಂದು ಸೇವ್ ಮಾಡುವ ಲೈಬ್ರರಿಯಾದರೆ ‘ಕ’ ಎಂಬುದು &#3221; ಆಗುತ್ತದೆ: ಮೂರು ಬೈಟ್‌ನ ಅಕ್ಷರಕ್ಕೆ ಏಳು ಬೈಟ್. ಸಿಡೇಟಾದೊಳಗೆ ಈ ರೂಪವನ್ನು ಪಾರ್ಸರ್ ಬಿಡಿಸುವುದೂ ಇಲ್ಲ.

ಇನ್ನು ಪುಟಕ್ಕೆ ಹಾಕುವ ಹಂತ. ಸಿಡೇಟಾ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ, ಒಳಗಿದ್ದ ಸ್ಕ್ರಿಪ್ಟ್ ಬ್ರೌಸರ್‌ನಲ್ಲಿ ಓಡಬಲ್ಲದು. ನಾನು ಬಿಟ್ಟುಕೊಟ್ಟಿರುವುದು ಪಿ, ಬಿಆರ್, ಸ್ಟ್ರಾಂಗ್, ಇಎಂ ಟ್ಯಾಗ್‌ಗಳನ್ನು ಮಾತ್ರ, ಅದೂ ಆಟ್ರಿಬ್ಯೂಟ್ ಇಲ್ಲದೆ. ಉಳಿದದ್ದನ್ನು ಶೋಧಕ (ಬೇಡದ ಟ್ಯಾಗ್ ಸೋಸುವ ಪ್ರೋಗ್ರಾಂ) ತೆಗೆದುಹಾಕುತ್ತದೆ, ವರ್ಡ್ ತುರುಕಿದ ಸ್ಟೈಲ್ ಕಸವೂ ಅದರ ಜೊತೆಗೇ ಹೋಗುತ್ತದೆ.