ಕೈಹೊಲಿಗೆಯ ಕೌದಿಯನ್ನು ಒಗೆದು ಒಣಗಿಸುವ ಬಗೆ

ಉತ್ತರ ಕರ್ನಾಟಕದಲ್ಲಿ ಮನೆಯ ಕೌದಿಗಳನ್ನೆಲ್ಲ ಒಟ್ಟಿಗೆ ಒಗೆಯುವ ಕೆಲಸವು ಸಾಮಾನ್ಯವಾಗಿ ಮಹಾನವಮಿಗೆ ಮುಂಚೆ, ಘಟಸ್ಥಾಪನೆಯ ಹಿಂದಿನ ದಿನಗಳಲ್ಲಿ ನಡೆಯುತ್ತದೆ. ಚಕ್ಕಡಿಯಲ್ಲಿ ಹೇರಿಕೊಂಡು ಹಳ್ಳಕ್ಕೆ ಒಯ್ದರೆ ಹರಿಯುವ ನೀರು, ಕಾದ ಬಂಡೆ ಮತ್ತು ನಾಲ್ಕಾರು ಜನರ ಕೈಗಳು ಸೇರಿ ಆ ಕೆಲಸವನ್ನು ಹಗುರಗೊಳಿಸುತ್ತವೆ. ಅದೇ ಕೌದಿಯನ್ನು ನಗರದ ಬಚ್ಚಲಮನೆಯಲ್ಲಿ ಒಬ್ಬರೇ ಒಗೆಯಬೇಕಾದಾಗ ಕೊಳೆಗಿಂತ ನೀರಿನ ಭಾರವೇ ಹೆಚ್ಚು ಕಾಡುತ್ತದೆ. ಹಳೆಯ ಸೀರೆ, ಧೋತರಗಳ ನಾಲ್ಕೈದು ಪದರಗಳು ನೀರು ಕುಡಿದ ಮೇಲೆ ಕೌದಿಯ ತೂಕ ಎರಡು ಮೂರು ಪಟ್ಟಾಗುತ್ತದೆ. ಆಗ ಒಂದು ಮೂಲೆಯನ್ನು ಹಿಡಿದು ಎತ್ತಿದರೆ ಆ ಭಾರವೆಲ್ಲ ಕೆಲವೇ ಹೊಲಿಗೆಗಳ ಮೇಲೆ ಬಿದ್ದು ದಾರ ಹರಿಯುತ್ತದೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಮಹಿಳೆಯರ ಕೌದಿಗಳಲ್ಲಂತೂ ಮೂಲೆಗೆ ಮಡಿಚಿಟ್ಟ ಬಟ್ಟೆಯ ಪುಟ್ಟ ತ್ರಿಕೋನಗಳಿರುತ್ತವೆ. ಅವನ್ನು ಹಿಡಿಕೆಯಂತೆ ಎಂದೂ ಬಳಸಬಾರದು.

ನೀರಿಗೆ ಇಳಿಸುವ ಮೊದಲು ಕೌದಿಯನ್ನು ಹಾಸಿ, ಸಾಲು ಸಾಲಾಗಿ ಬೆರಳಾಡಿಸಿ, ಬಿಚ್ಚಿದ ಹೊಲಿಗೆ ಮತ್ತು ಹರಿದ ತೇಪೆಗಳನ್ನು ಸರಿಪಡಿಸಬೇಕು. ಒಣಗಿದ್ದಾಗ ಬೆರಳಗಲವಿದ್ದ ಹರಕು ಒಗೆದ ಮೇಲೆ ಗೇಣಗಲವಾಗುವುದು ಅಪರೂಪವೇನಲ್ಲ. ಆಮೇಲೆ ಒದ್ದೆಯಾದ ಬಿಳಿ ಬಟ್ಟೆಯನ್ನು ಪ್ರತಿಯೊಂದು ಗಾಢ ಬಣ್ಣದ ತುಂಡಿನ ಮೇಲೆ, ವಿಶೇಷವಾಗಿ ಕೆಂಪು ಮತ್ತು ಕಪ್ಪು ತುಂಡುಗಳ ಮೇಲೆ, ಒತ್ತಿ ನೋಡಬೇಕು. ಬಣ್ಣ ಅಂಟಿದರೆ ಆ ಕೌದಿಯನ್ನು ನೆನೆಸಿಡದೆ ತಣ್ಣೀರಿನಲ್ಲಿ ಬೇಗನೆ ಒಗೆದು ಮುಗಿಸುವುದೇ ದಾರಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಣ್ಣ ಹಾಕುವಾಗ ಅದು ನೂಲನ್ನು ಹಿಡಿಯಲು ಉಪ್ಪು ನೆರವಾಗುತ್ತದೆಯೇ ಹೊರತು, ಬಿಡತೊಡಗಿದ ಬಣ್ಣವನ್ನು ಕಟ್ಟಿಹಾಕುವುದಿಲ್ಲ.

ಹಾಲು ಅಥವಾ ರಕ್ತದ ಕಲೆಯಿದ್ದರೆ ಬಿಸಿನೀರು ಅದನ್ನು ಗಟ್ಟಿಗೊಳಿಸುವುದರಿಂದ ಮೊದಲು ತಣ್ಣೀರಿನಲ್ಲಿಯೇ ತೊಳೆಯಬೇಕು. ಅರಿಶಿನದ ಕಲೆ ಸೋಪು ತಾಗಿದೊಡನೆ ಕೆಂಪಗಾದರೆ ಗಾಬರಿಯಾಗಬೇಕಿಲ್ಲ, ಉಳಿದ ಹಳದಿಯನ್ನು ಬಿಸಿಲು ಕ್ರಮೇಣ ತಿಳಿಗೊಳಿಸುತ್ತದೆ. ಬ್ಲೀಚಿಂಗ್ ಪುಡಿ ಬೇಡವೇ ಬೇಡ.

ಅಗಲವಾದ ಟಬ್ಬಿನಲ್ಲಿ ತಣ್ಣಗಿನ ಅಥವಾ ಉಗುರುಬೆಚ್ಚಗಿನ ನೀರು ತುಂಬಿ, ದಿನದ ಬಟ್ಟೆಗೆ ಹಾಕುವುದರ ಅರ್ಧದಷ್ಟು ಮಾತ್ರ ಸೋಪಿನ ಪುಡಿಯನ್ನು ಕರಗಿಸಬೇಕು. ಇಳಕಲ್ ಸೀರೆಯ ಸೆರಗಿನಂತಹ ರೇಷ್ಮೆಯ ತುಂಡುಗಳಿದ್ದರೆ ಅಂಟುವಾಳಕಾಯಿಯ ನೀರು ಅಥವಾ ಮೃದುವಾದ ಶಾಂಪೂ ಒಳ್ಳೆಯದು. ಬಣ್ಣ ಬಿಡದ ಕೌದಿಯನ್ನು ಹತ್ತು ನಿಮಿಷ ನೆನೆಸಿ, ನಂತರ ಬರಿಗಾಲಿನಲ್ಲಿ ನಿಧಾನವಾಗಿ ತುಳಿಯಬೇಕು. ಕಲ್ಲಿಗೆ ಬಡಿದರೆ ಹೊಲಿಗೆ ಸಡಿಲಾಗುತ್ತದೆ. ತುಳಿತದಲ್ಲಿ ಸೋಪಿನ ನೀರು ಒಳಪದರಗಳ ತನಕ ಹೋಗಿ ಬರುತ್ತದೆ. ಕೊಳೆನೀರನ್ನು ಹರಿಯಬಿಡುವಾಗ ಕೌದಿಯನ್ನು ಎತ್ತದೆ ಟಬ್ಬನ್ನೇ ವಾರೆ ಮಾಡಿ, ಅಂಗೈಯಿಂದ ಒತ್ತಬೇಕು. ನೊರೆ ನಿಲ್ಲುವವರೆಗೆ, ಅಂದರೆ ಮೂರು ನಾಲ್ಕು ಸಲ, ನೀರು ಬದಲಿಸಬೇಕಾಗುತ್ತದೆ, ಏಕೆಂದರೆ ಒಳಗೆ ಉಳಿದ ಸೋಪು ಕೌದಿಯನ್ನು ಬಿರುಸಾಗಿಸುತ್ತದೆ.

ಯಂತ್ರದಲ್ಲಿ ಹಾಕಲೇಬೇಕೆಂದಿದ್ದರೆ ಮುಂಬಾಗಿಲಿನ ಯಂತ್ರದಲ್ಲಿ, ಡ್ರಮ್ಮಿನ ಅರ್ಧ ಜಾಗ ಖಾಲಿ ಉಳಿಯುವಂತೆ, ಒಂದೇ ಕೌದಿಯನ್ನು ಹಾಕಿ, ನಾಜೂಕು ಬಟ್ಟೆಯ ಕ್ರಮದಲ್ಲಿ ಕಡಿಮೆ ವೇಗಕ್ಕೆ ತಿರುಗಿಸಬಹುದು. ತೇಪೆಯ ಬಟ್ಟೆ ಜೀರ್ಣವಾಗಿದ್ದರೆ ಆ ಆಸೆಯನ್ನು ಬಿಡುವುದು ಲೇಸು.

ಹಿಂಡುವಾಗ ತಿರುಚಬಾರದು. ಸುರುಳಿ ಸುತ್ತಿ, ಮೊಣಕಾಲಿನಿಂದ ಅದುಮಿ ನೀರು ಇಳಿಸಬೇಕು. ಬಣ್ಣ ಗಟ್ಟಿಯಿರುವ ಕೌದಿಯನ್ನು ಮಡಿಚಿ ಬೋರಲು ಬಕೀಟಿನ ಮೇಲೆ ಒಂದು ಗಂಟೆ ಬಿಟ್ಟರೆ ಸಾಕಷ್ಟು ನೀರು ತಾನಾಗಿಯೇ ಸೋರುತ್ತದೆ. ಬಣ್ಣ ಬಿಡುವ ಕೌದಿಯನ್ನಾದರೆ ಹಾಗೆ ಮಡಿಚಿಡದೆ ಕೂಡಲೇ ಹರವಬೇಕು, ಇಲ್ಲದಿದ್ದರೆ ಒಂದು ತುಂಡಿನ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ.

ಒಣಗಿಸುವುದಕ್ಕೆ ಒಂದೇ ಹಗ್ಗ ಸಾಲದು, ಏಕೆಂದರೆ ಭಾರವೆಲ್ಲ ನಡುವಿನ ಒಂದು ಗೆರೆಯ ಮೇಲೆ ಬಿದ್ದು ಒಳಗಿನ ಪದರ ಜಗ್ಗುತ್ತದೆ. ಕೆಳಗಿನಿಂದಲೂ ಗಾಳಿಯಾಡುವ ಹೊರಸು, ಅಂದರೆ ಹಗ್ಗದ ಮಂಚ, ಇದ್ದರೆ ಅದಕ್ಕಿಂತ ಉತ್ತಮವಾದುದಿಲ್ಲ. ಇಲ್ಲದವರು ಅಕ್ಕಪಕ್ಕದ ಮೂರು ಹಗ್ಗಗಳ ಮೇಲೆ ಚಪ್ಪರದಂತೆ ಹರವಬಹುದು ಅಥವಾ ತಾರಸಿಯಲ್ಲಿ ಹಳೆಯ ಹಾಸು ಹಾಕಿ ಅದರ ಮೇಲೆ ಬಿಡಿಸಬಹುದು. ಚೆಂದದ ಮೇಲ್ಮೈ ಕೆಳಮುಖವಾಗಿರಲಿ, ಇಲ್ಲವಾದರೆ ಬಿಸಿಲಿಗೆ ಬಣ್ಣ ಮಾಸುತ್ತದೆ. ಎರಡು ಗಂಟೆಗೊಮ್ಮೆ ಸ್ವಲ್ಪ ಹೊತ್ತು ಮಾತ್ರ ಮಗುಚಿ, ಕೆಳಮುಖದ ತೇವ ಆರಿಸಿ, ಸಂಜೆ ಇಬ್ಬನಿ ಬೀಳುವ ಮೊದಲೇ ಒಳಗೆ ತಂದು, ಮರುದಿನ ಮತ್ತೆ ಹರವಬೇಕು. ದಪ್ಪ ಕೌದಿಗೆ ಎರಡು ದಿನದ ಬಿಸಿಲು ಬೇಕಾಗುವುದರಿಂದ ಮೋಡದ ದಿನ ಒಗೆಯಲು ಕೈಹಾಕದಿರುವುದು ಜಾಣತನ. ಹೊರಪದರ ಗರಿಗರಿಯಾಗಿದ್ದರೂ ಒಳಗೆ ತೇವ ಉಳಿದಿರಬಹುದು. ನೆರಳಿಗೆ ತಂದು ಅರ್ಧ ಗಂಟೆ ಆರಿಸಿದ ಮೇಲೆ ಹೆಚ್ಚು ತೇಪೆಗಳಿರುವ ದಪ್ಪ ಜಾಗವನ್ನು ಕೆನ್ನೆಗೆ ಒತ್ತಿಕೊಂಡಾಗ ತಣ್ಣಗೆನಿಸಿದರೆ ಇನ್ನೂ ಒಣಗಿಲ್ಲವೆಂದೇ ತಿಳಿಯಬೇಕು. ಹಾಗೆಯೇ ಮಡಿಚಿಟ್ಟ ಕೌದಿಗೆ ಬೂಸು ಹಿಡಿದು ಕಪ್ಪು ಚುಕ್ಕಿಗಳೇಳುತ್ತವೆ.

ಪೂರ್ತಿ ಒಣಗಿದ ಕೌದಿಯನ್ನು ಹಿಂದಿನ ಮಡಿಕೆಯ ಗೆರೆ ತಪ್ಪಿಸಿ ಮಡಿಚಿ, ಒಣ ಬೇವಿನೆಲೆಗಳನ್ನು ತೆಳುಬಟ್ಟೆಯಲ್ಲಿ ಕಟ್ಟಿ ನಡುವೆ ಇರಿಸಿ, ಪ್ಲಾಸ್ಟಿಕ್ ಚೀಲದ ಬದಲು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಡಬೇಕು.